ದುಡಿಯದ ದಿನ ಕಡಲೆ ಇಲ್ಲ

ಅಪ್ಪ ಶಹಾಬಾದ್ ಸ್ಟೇಷನ್ನಿನಲ್ಲಿ ಟಾಂಗಾ ಹೊಡೆಯುತ್ತಿದ್ದರು. ಕುದುರೆ ದುಡಿಯದ ದಿನ ಅದಕ್ಕೆ ಕಡಲೆ ಹಾಕಬಾರದು, ಜೋಳದ ಕಣಿಕೆಯ ಒಣಮೇವು ಮತ್ತು ನೀರಷ್ಟೇ ಸಾಕು ಎಂಬುದು ಅವರ ನಿಯಮ. ಕುದುರೆಗೆ ವಾಂತಿಯಾಗುವುದಿಲ್ಲ, ಅತಿಯಾಗಿ ತಿಂದದ್ದು ಒಳಗೇ ಉಬ್ಬುತ್ತದೆ ಎನ್ನುತ್ತಿದ್ದರು.

ಅವರು ತೀರಿಕೊಂಡ ಮೇಲೆ ಕುದುರೆ ಕಟ್ಟಿದಲ್ಲೇ ನಿಂತಿತ್ತು. ಮೂರನೆಯ ದಿನದ ಕಾರ್ಯಕ್ಕೆ ನೆಂಟರು ಬಂದರು. ಸತ್ತವರು ಸಾಕಿದ ಪ್ರಾಣಿಗೂ ಬಂದವರೆಲ್ಲ ಒಂದು ತುತ್ತು ಹಾಕುವುದು ನಮ್ಮಲ್ಲಿ ರೂಢಿ. ಒಬ್ಬೊಬ್ಬರೂ ಬೊಗಸೆ ತುಂಬ ನೆನೆಸಿದ ಕಡಲೆ ಹಾಕತೊಡಗಿದರು. ನಾನು ಅಡ್ಡ ನಿಂತೆ.

“ಒಂದು ಬೊಗಸಿಗೆ ಏನಾಗ್ತದವ್ವಾ? ಅಪ್ಪ ಹೋದ್ನಂತ ಕುದುರಿಗೂ ಉಪಾಸ ಕೆಡವ್ತಿಯೇನು?” ಎಂದರು ನಾಲವಾರದ ಸೋದರತ್ತೆ.

“ಎಲ್ಲಾರೂ ಒಂದೇ ಬೊಗಸಿ ಅಂತೀರಿ. ಅದರ ಹೊಟ್ಟೀನೂ ಒಂದೇ ಅದರಿ, ಅತ್ತಿ!”

ಯಾರೂ ಕೇಳಲಿಲ್ಲ.

ಮಧ್ಯಾಹ್ನ ಕುದುರೆ ಬೆವೆತು ನೆಲ ಕೆರೆಯತೊಡಗಿತು. ಮತ್ತೆ ಮತ್ತೆ ತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತಿತ್ತು. ಲದ್ದಿ ಹಾಕಲಿಲ್ಲ. ಅಪ್ಪನ ಹಿಂದೆಯೇ ಇದೂ ಹೋಗುತ್ತದೆಂದು ಹೆದರಿ, ಹೊಟ್ಟೆ ಸಡಿಲಾಗಲೆಂದು ಹಗ್ಗ ಹಿಡಿದು ಓಣಿಯುದ್ದಕ್ಕೂ ನಡೆಸಿದೆ. ಅಪ್ಪನಿಗಾಗಿ ಅಳಬೇಕಾದ ದಿನ ನಾನು ಕಡಲೆಯ ಮೇಲೆ ಸಿಟ್ಟಾಗಿದ್ದೆ.

ಸಂಜೆಯ ಹೊತ್ತಿಗೆ ಕುದುರೆ ಲದ್ದಿ ಹಾಕಿತು. ಅದನ್ನು ನೋಡಿ ನನಗೆ ಅಳು ಬಂತು.

ಸೋದರತ್ತೆಯೂ ಬಂದು ನೋಡಿದರು. “ಎಲ್ಲಾ ಪಚನ ಆತು ನೋಡು. ಸುಮ್ ಸುಮ್ನ ಒದರ್ಲಿಕತ್ತಿದ್ದಿ,” ಎಂದು ಉಳಿದ ಕಡಲೆಯ ಬುಟ್ಟಿಗೆ ಕೈ ಹಾಕಿದರು.

ಬುಟ್ಟಿ ಕಿತ್ತುಕೊಂಡು ಒಳಗಿಟ್ಟು, ಬಾಗಿಲಿಗೆ ಅಡ್ಡಲಾಗಿ ಕುಳಿತೆ.