ಒಂದು ಜಿರ್ಕಾನ್ ಕಾಳಿನ ತಕರಾರು

ನಮ್ಮ ಅಡುಗೆಮನೆ ಕಟ್ಟೆಗೆ ಗ್ರಾನೈಟ್ ಹಾಕಿಸುತ್ತಿದ್ದೇನೆ. ನಾಲ್ಕು ದಿನದಿಂದ ಹಿತ್ತಲಲ್ಲಿ ಕಲ್ಲು ಕೊಯ್ಯುವ ಮಿಷನ್ನಿನ ಕಿರುಚಾಟ. ಚಿಕ್ಕಬಳ್ಳಾಪುರದಲ್ಲಿ ನೀವು ಯಾವ ಹೊಸ ಬಡಾವಣೆಗೆ ಹೋದರೂ ಈ ಸದ್ದು ಕೇಳುತ್ತೀರಿ, ಅದೇನೂ ದೊಡ್ಡದಲ್ಲ. ನನ್ನನ್ನು ಕಾಡುವುದು ಒದ್ದೆಯಾದ ಕಲ್ಲುಪುಡಿಯ ವಾಸನೆ. ಮೇಸ್ತ್ರಿ ಬೆಳಿಗ್ಗೆ ಬಂದವರೇ "ಹೊಸಾ ಮಾಲು ಮೇಡಂ, ಮೊನ್ನೆ ತಾನೇ ಇಳಿದಿದ್ದು" ಅಂದರು. ಇನ್ನೂರೈವತ್ತು ಕೋಟಿ ವರ್ಷದ ಕಲ್ಲು ಹೊಸಾ ಮಾಲೇನಪ್ಪ ಎಂದು ಬಾಯಿಗೆ ಬಂತು, ನುಂಗಿಕೊಂಡೆ. ಇಂಥದ್ದನ್ನೆಲ್ಲ ಹೇಳಿ ಹೇಳಿಯೇ ನಮ್ಮ ಮನೆಯವರು ನನ್ನ ಜೊತೆ ಬೆಟ್ಟಕ್ಕೆ ಬರುವುದನ್ನು ಬಿಟ್ಟಿದ್ದಾರೆ.

ಆ ವಾಸನೆ ಮೂಗಿಗೆ ಬಡಿದರೆ ಸಾಕು, ನಾನು ರೆಹಾನಾ ಮೇಡಂ ಅವರ ಲ್ಯಾಬಿನಲ್ಲಿರುತ್ತೇನೆ. ಭೂವಿಜ್ಞಾನದ ಪಿಎಚ್‌ಡಿಗೆ ಅವರು ನನ್ನ ಗೈಡು. ಗೌರಿಬಿದನೂರಿನ ಹತ್ತಿರದ ಅಲೀಪುರದವರು, ತಂದೆ ಹರಳಿನ ವ್ಯಾಪಾರಿ. ಚಿಮಟದಲ್ಲಿ ಹರಳು ಎತ್ತಿ ಬೆಳಕಿಗೆ ಹಿಡಿಯುವುದನ್ನು ಆರನೇ ವಯಸ್ಸಿಗೇ ಕಲಿತಿದ್ದರಂತೆ. ಮಗಳು ಜಿರ್ಕಾನ್ ಹುಡುಕುತ್ತಾಳೆ ಎಂದು ಕೇಳಿ ಆ ತಂದೆಗೆ ಬಹಳ ಸಂತೋಷವಾಗಿತ್ತು. ಅವರ ಅಂಗಡಿಯಲ್ಲಿ ಅದು ಜರ್ಕನ್, ಉಂಗುರಕ್ಕೆ ಕೂರಿಸುವ ಮಾಲು. ನಾವು ಹುಡುಕುತ್ತಿದ್ದ ಕಾಳು ರವೆಗಿಂತಲೂ ಸಣ್ಣದು ಎಂದು ಗೊತ್ತಾದ ಮೇಲೆ, "ಇದನ್ನ ಇರುವೆ ಮದುವೆಗೆ ಕೊಡ್ಬೇಕಷ್ಟೆ" ಅಂದಿದ್ದರಂತೆ.

ಆ ರವೆಕಾಳಿನಲ್ಲಿ ಏನಿದೆ ಅಂತೀರಾ? ಹಳೇ ಬೆಲ್ಲ ಕರಗಿಸಿ ಹೊಸ ಅಚ್ಚು ಹೊಯ್ಯುತ್ತಾರಲ್ಲ, ಆಗ ಬೆಲ್ಲ ಕರಗಿದರೂ ಅದರಲ್ಲಿದ್ದ ಮರಳಿನ ಹರಳು ಕರಗುವುದಿಲ್ಲ. ಗ್ರಾನೈಟಿನ ಕಥೆಯೂ ಹಾಗೇ. ಭೂಮಿಯ ಹಳೆಯ ಪದರ ಆಳದಲ್ಲಿ ಕರಗಿ ಹೊಸ ಗ್ರಾನೈಟ್ ಆಗುವಾಗ ಹಳೆಯ ಜಿರ್ಕಾನ್ ಕೆಲವು ಸಲ ಹಾಗೇ ಉಳಿದುಬಿಡುತ್ತದೆ. ಅದರೊಳಗಿನ ಯುರೇನಿಯಂ ನಿಧಾನವಾಗಿ ಸೀಸವಾಗುತ್ತಾ ಹೋಗುತ್ತದೆ. ಎರಡನ್ನೂ ಅಳೆದರೆ ವಯಸ್ಸು ಸಿಕ್ಕಿತು. ಗ್ರಾನೈಟಿಗಿಂತ ಹಳೆಯ ಒಂದು ಕಾಳು ಅದರ ಹೊಟ್ಟೆಯಲ್ಲಿ ಸಿಕ್ಕರೆ, ಈ ಕಲ್ಲು ಯಾವುದರಿಂದ ಹುಟ್ಟಿತು ಎಂದು ಹೇಳಬಹುದು.

ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಕಡೆಯ ಒಂದು ಗುಡ್ಡದ ಕಲ್ಲಿನಲ್ಲಿ ನನಗೆ ಅಂಥ ಕಾಳು ಸಿಕ್ಕಿತು. ಒಂದೇ ಒಂದು. ಕಲ್ಲು ಕುಟ್ಟಿ, ಜರಡಿ ಹಿಡಿದು, ತೊಳೆದು, ಸೂಕ್ಷ್ಮದರ್ಶಕದ ಕೆಳಗೆ ಸೂಜಿಯಲ್ಲಿ ಆರಿಸಿ ಆರಿಸಿ ಕತ್ತು ಹಿಡಿದುಕೊಂಡಿತ್ತು. ದೂರದ ಲ್ಯಾಬಿನಿಂದ ಅಂಕಿಗಳು ಬಂದ ದಿನ ಮೇಡಂ ಎಲ್ಲರಿಗೂ ಬಿಸ್ಕತ್ತು ಹಂಚಿದರು. ಆ ಗ್ರಾನೈಟಿನ ಅಡಿಯಲ್ಲಿ ಇನ್ನೂ ಹಳೆಯ ನೆಲವಿತ್ತು ಎನ್ನಲು ಸಾಕ್ಷಿ ಸಿಕ್ಕಿತ್ತು. ನನ್ನ ಪ್ರಬಂಧದ ಕೊನೆಯ ಅಧ್ಯಾಯವೂ ಅದೇ.

ಬಿಸ್ಕತ್ತು ತಿನ್ನುತ್ತಾ ನನಗೆ ನೆನಪಾಯಿತು. ಪ್ರತಿ ಕಲ್ಲಿಗೂ ಜರಡಿಯ ಬಟ್ಟೆ ಹೊಸದು ಹಾಕಬೇಕು. ಅವತ್ತು ಹೊಸ ಬಟ್ಟೆ ಮುಗಿದಿತ್ತು, ಹಳೆಯದನ್ನೇ ಕೊಡವಿ ಹಾಕಿದ್ದೆ. ಅದಕ್ಕೆ ಮುಂಚೆ ಅದೇ ಬಟ್ಟೆಯಲ್ಲಿ ಹಿಡಿದದ್ದು ಗೌರಿಬಿದನೂರು ಕಡೆಯ ಪಟ್ಟೆಪಟ್ಟೆಯ ಬಲು ಹಳೇ ಕಲ್ಲು. ಆ ಕಾಳು ಗ್ರಾನೈಟಿನದೋ, ಬಟ್ಟೆಯ ಎಳೆಯಲ್ಲಿ ಸಿಕ್ಕಿಕೊಂಡಿದ್ದದ್ದೋ?

ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆ. ಮೂರನೇ ದಿನ ಹೇಳಿಬಿಟ್ಟೆ. ಮೇಡಂ ಬಯ್ಯುತ್ತಾರೆ, ಅತ್ತು ಮುಗಿಸಬಹುದು ಅಂದುಕೊಂಡಿದ್ದೆ. ಅವರು ಬಯ್ಯಲಿಲ್ಲ.

"ಸರಿ. ಇನ್ನೊಂದ್ಸಲ ಕಲ್ಲು ತರಣ," ಅಂದರು.

"ಮೇಡಂ, ಕಾಳು ಅಲ್ಲಿಂದಾನೇ ಬಂದಿರ್ಬಹುದಲ್ವಾ?"

"ಬಂದಿರ್ಬಹುದು. ಬಂದಿದೆ ಅಂತ ಬರೆಯೋಕಾಗುತ್ತಾ?"

ಹೋದೆವು. ಗುಡ್ಡದ ಆ ಮೂಲೆಯೇ ಇರಲಿಲ್ಲ. ಕ್ವಾರಿಯವರು ಸಿಡಿಸಿ, ಕೊಯ್ದು, ಸಾಗಿಸಿಬಿಟ್ಟಿದ್ದರು. ನನಗೆ ಒಳಗೊಳಗೇ ನೆಮ್ಮದಿಯಾಯಿತು. ಕಲ್ಲೇ ಇಲ್ಲವೆಂದ ಮೇಲೆ ತಕರಾರೂ ಇಲ್ಲ. ಮೇಡಂ ಬಿಡಬೇಕಲ್ಲ. ನಾವು ಹಿಂದೆ ತೆಗೆದಿದ್ದ ಫೋಟೋ ಹಿಡಿದು ಒಬ್ಬೊಬ್ಬರನ್ನೇ ವಿಚಾರಿಸಿದರು. ಕಲ್ಲಿನಲ್ಲಿ ಒಂದು ಕಪ್ಪು ಮಚ್ಚೆ, ಅದನ್ನು ಸೀಳಿಕೊಂಡು ಹೋಗುವ ಬಿಳಿ ಗೆರೆ. ಕಲ್ಲು ಕೆಲಸದವರೊಬ್ಬರು ಫೋಟೋ ನೋಡಿ, "ಇದು ವೆಂಕಟಮ್ಮನೋರ ಮನೆಗೆ ಕೊಟ್ಟಿದ್ದು ಕಣಮ್ಮ, ನಾನೇ ಹೊತ್ತಾಕಿ ಬಂದೆ," ಅಂದರು.

ವೆಂಕಟಮ್ಮನವರ ಹಿತ್ತಲಲ್ಲಿ ಅದು ಬಟ್ಟೆ ಒಗೆಯುವ ಕಲ್ಲಾಗಿತ್ತು. ಮಚ್ಚೆ, ಗೆರೆ ಎಲ್ಲ ಫೋಟೋದಲ್ಲಿದ್ದ ಹಾಗೇ. ವೆಂಕಟಮ್ಮ ಸೊಂಟಕ್ಕೆ ಕೈಯಿಟ್ಟು ನಮ್ಮ ಸುತ್ತಿಗೆಯನ್ನು ನೋಡಿದರು.

"ಏಮಮ್ಮಾ, ಎಷ್ಟು ಬೇಕು?"

"ಒಂದು ಪುಟ್ಟ ಚೀಲದಷ್ಟು," ಅಂದರು ಮೇಡಂ.

"ಅಷ್ಟು ಹೊಡ್ಕೊಂಡೋದ್ರೆ ನಾನು ಬಟ್ಟೆ ಎಲ್ಲಿ ಒಗೀಲಿ, ನಿಮ್ಮ ತಲೆ ಮೇಲಾ?"

ಮೇಡಂ ಕೂತು ವಿವರಿಸಿದರು. ಜಿರ್ಕಾನ್, ಸೀಸ, ಭೂಮಿಯ ಪದರ. ವೆಂಕಟಮ್ಮ ಸಮಾಧಾನದಿಂದ ಎಲ್ಲ ಕೇಳಿ, "ಅಂದ್ರೆ ಈ ಕಲ್ಲಿನ ತಾಯಿ ಯಾರು ಅಂತ ನೋಡ್ತೀರಾ," ಅಂದರು. ಐದು ವರ್ಷದಲ್ಲಿ ನನ್ನ ಸಂಶೋಧನೆಯನ್ನು ಅಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಆಮೇಲೆ ಮೂಲೆಯಲ್ಲಿದ್ದ ಕಂಬಳಿಗಳನ್ನು ತೋರಿಸಿದರು. "ಹಿಂದ್ಗಡೆ ಮೂಲೆ ಹೊಡ್ಕೊಳ್ಳಿ. ಮೊದ್ಲು ಇವನ್ನ ಒಗೆದ್ಕೊಡಿ, ನಂಗೆ ರಟ್ಟೆ ನೋವು."

ತಮಾಷೆಗೆ ಅಂದಿದ್ದರೋ ಏನೋ. ನಮ್ಮ ಮೇಡಂಗೆ ತಮಾಷೆ ತಿಳಿಯುತ್ತಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಬಕೆಟ್ಟಿಗೆ ಕೈ ಹಾಕಿಯೇಬಿಟ್ಟರು. ಗೈಡು ಒಗೆಯುವಾಗ ವಿದ್ಯಾರ್ಥಿನಿ ನಿಂತು ನೋಡಲಾಗುತ್ತದೆಯೇ? ಸುಡುಬಿಸಿಲಲ್ಲಿ ಒದ್ದೆ ಕಂಬಳಿಯ ಇನ್ನೊಂದು ತುದಿ ಹಿಡಿದು ಹಿಂಡುತ್ತಾ ನಾನು ಮನಸ್ಸಿನಲ್ಲೇ ಅಂದುಕೊಂಡದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮತ್ತೆ ಕುಟ್ಟಿದೆ, ತೊಳೆದೆ, ಆರಿಸಿದೆ. ಜರಡಿಗೆ ಹೊಸ ಬಟ್ಟೆ ಹಾಕುವಾಗ ಮೇಡಂ ಪಕ್ಕದಲ್ಲೇ ನಿಂತಿದ್ದರು. ಲ್ಯಾಬಿನ ಸರದಿಗೆ ತಿಂಗಳುಗಟ್ಟಲೆ ಕಾದೆ. ಫಲಿತಾಂಶ ಬಂತು: ಹಳೆಯ ಕಾಳು ಒಂದೂ ಇಲ್ಲ. ಎಲ್ಲವೂ ಗ್ರಾನೈಟಿನ ಓರಗೆಯವೇ. ಅಧ್ಯಾಯ ಹೋಯಿತು. ನನ್ನ ಜೊತೆಯವರು ಡಾಕ್ಟರುಗಳಾಗಿ ಕೆಲಸಕ್ಕೆ ಸೇರಿದರು, ನಾನು ಇನ್ನೂ ಸೂಜಿ ಹಿಡಿದು ಕೂತಿದ್ದೆ. ಮೇಡಂ ಮೇಲೆ ಬಂದ ಸಿಟ್ಟಿಗೆ ಒಂದು ವಾರ ಲ್ಯಾಬಿಗೇ ಹೋಗಲಿಲ್ಲ.

ಅವರೇ ಫೋನ್ ಮಾಡಿದರು. "ಹ್ಯಾಫ್ನಿಯಂ ಅಳೆಸಿದ್ದು ಬಂದಿದೆ. ಬಾ, ನೋಡು."

ಹ್ಯಾಫ್ನಿಯಂ ಅನ್ನುವುದು ಅದೇ ಕಾಳಿನಲ್ಲಿರುವ ಇನ್ನೊಂದು ಧಾತು. ಕಾಳು ಯಾವಾಗ ಹುಟ್ಟಿತೆಂದು ಸೀಸ ಹೇಳಿದರೆ, ಅದು ಹುಟ್ಟಿದ ಕರಗಿದ ಕಲ್ಲು ಆಳದಿಂದ ಹೊಸದಾಗಿ ಬಂದದ್ದೋ, ಹಳೆಯ ನೆಲವೇ ಕರಗಿದ್ದೋ ಎಂದು ಹ್ಯಾಫ್ನಿಯಂ ಹೇಳುತ್ತದೆ. ವೆಂಕಟಮ್ಮನವರ ಕಲ್ಲಿನ ಕಾಳುಗಳೆಲ್ಲ ಒಂದೇ ಮಾತು ಹೇಳಿದವು: ಹಳೆಯ ನೆಲ ಕರಗಿದ್ದು. ಹಳೆಯ ಕಾಳೊಂದೂ ಉಳಿದಿರಲಿಲ್ಲ, ಗುರುತು ಮಾತ್ರ ಹೊಸ ಕಾಳುಗಳಲ್ಲಿ ಉಳಿದಿತ್ತು.

ನನಗೆ ರೇಗಿಹೋಯಿತು. "ನಾನು ಮೊದ್ಲು ಬರೆದಿದ್ದೂ ಇದೇ ಅಲ್ವಾ ಮೇಡಂ? ಅವತ್ತೇ ನಿಜ ಆಗಿತ್ತಲ್ಲ?"

"ನಿಜ ಆಗಿತ್ತಮ್ಮ," ಅಂದರು ಕನ್ನಡಕ ಒರೆಸುತ್ತಾ. "ನಮಗೆ ಗೊತ್ತಿರಲಿಲ್ಲ, ಅಷ್ಟೆ."

ಆ ಮಾತಿನ ಮೇಲಿನ ಸಿಟ್ಟು ನನಗೆ ಬಹಳ ವರ್ಷ ಇಳಿಯಲಿಲ್ಲ. ಪ್ರಬಂಧ ಮುಗಿಯಿತು, ಇಲ್ಲಿನ ಡಿಗ್ರಿ ಕಾಲೇಜಿನಲ್ಲಿ ಕೆಲಸವೂ ಸಿಕ್ಕಿತು. ಅಲೀಪುರ ಬಸ್ಸಿನಲ್ಲಿ ಹೋಗಿಬರುವಷ್ಟೇ ದೂರವಾದರೂ ಮೇಡಂ ಮನೆ ಕಡೆ ಹೋದದ್ದು ಎರಡೇ ಸಲ.

ಮೊನ್ನೆ ಪ್ರಾಕ್ಟಿಕಲ್ ಕ್ಲಾಸಿನಲ್ಲಿ ಚಿಂತಾಮಣಿಯ ಹುಡುಗಿಯೊಬ್ಬಳು ಡಬ್ಬಿಯಲ್ಲಿಟ್ಟಿದ್ದ ಖನಿಜದ ಹೆಸರನ್ನು ತಟ್ಟನೆ ಸರಿಯಾಗಿ ಹೇಳಿದಳು. ಹೇಗೆ ಗೊತ್ತಾಯಿತಮ್ಮ ಅಂದೆ. "ಡಬ್ಬಿ ಹಿಂದ್ಗಡೆ ಚೀಟಿ ಇತ್ತು ಮ್ಯಾಮ್," ಅಂದಳು ಪಾಪ, ಸುಳ್ಳು ಹೇಳದೆ. ನಾನು ಡಬ್ಬಿ ಪಕ್ಕಕ್ಕಿಟ್ಟು, ಚೀಟಿಯಿಲ್ಲದ ಬೇರೆ ಕಲ್ಲು ಕೊಟ್ಟು, ಮೊದಲಿಂದ ನೋಡು ಅಂದೆ.

"ಉತ್ತರ ಸರಿ ಇತ್ತಲ್ಲ ಮ್ಯಾಮ್," ಅಂದಳು. ಊರಿನ ಕಡೆಯ ಬಸ್ಸು ಹೊರಡುವ ಹೊತ್ತು, ಅವಳ ಮುಖದಲ್ಲಿ ನನ್ನನ್ನು ಸುಟ್ಟುಬಿಡುವಷ್ಟು ಸಿಟ್ಟಿತ್ತು. ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ. ಆಮೇಲೆ ಸ್ಟೂಲು ಎಳೆದುಕೊಂಡು, ಅವಳು ನೋಡಿ ಮುಗಿಸುವವರೆಗೂ ಪಕ್ಕದಲ್ಲೇ ಕೂತೆ.