ಜೇನಿನ ಹಿಂದೆ ಬಿದ್ದು ಗೌಡರ ತೋಟಕ್ಕೆ

ಆಗ ನನಗೆ ಅರವತ್ತೇಳು. ಆರು ವರ್ಷದ ಹಿಂದಿನ ಮಾತು. ಓಡುವ ವಯಸ್ಸಲ್ಲ, ಆದರೂ ಓಡಿದೆ.

ನನ್ನ ಆಯುಷ್ಯವೆಲ್ಲ ಯಾವುದರದ್ದಾದರೂ ಹಿಂದೆ ಬಿದ್ದೇ ಕಳೆದಿದೆ. ಬಾಳೆಗೊನೆ ಬಲಿತರೆ ಮಂಗನ ಹಿಂದೆ, ನೆಂಟರು ಬಂದರೆ ಕೋಳಿಯ ಹಿಂದೆ, ಗೋಣಿಬೀಡಿಗೆ ಹೊರಟರೆ ಬಸ್ಸಿನ ಹಿಂದೆ. ಮಂಗನನ್ನು ಅಟ್ಟುವುದು ತೊಲಗಲಿ ಎಂದು, ಕೋಳಿಯನ್ನು ಅಟ್ಟುವುದು ಸಿಗಲಿ ಎಂದು. ಬಸ್ಸಿನದು ಡ್ರೈವರ್ ಕನ್ನಡಿ ನೋಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಜೇನಿನ ಹಿಂದೆ ಬೀಳುವುದು ಬೇರೆಯೇ ಕೆಲಸ. ಪೆಟ್ಟಿಗೆಯಲ್ಲಿ ಹೊಸ ರಾಣಿ ಹುಟ್ಟುವ ಹೊತ್ತಿಗೆ ಹಳೆಯವಳು ಅರ್ಧ ಸಂಸಾರ ಕಟ್ಟಿಕೊಂಡು ಹೊರಡುತ್ತಾಳೆ. ಹಿಂದೆಯೇ ಓಡಿ ಮಣ್ಣು ಎರಚಬೇಕು, ಆಗ ಹಿಂಡು ಎಲ್ಲಾದರೂ ಕೂರುತ್ತದೆ. ಕೂತ ಮೇಲೆ ಕಣ್ಣು ತೆಗೆಯಬಾರದು. ನಮ್ಮ ಸುತ್ತಿನಲ್ಲಿ ಲೆಕ್ಕ ಹೀಗೆ: ಕಣ್ಣು ತಪ್ಪದೆ ಹಿಂದೆ ಬಂದವರದು ಜೇನು. ಕಣ್ಣು ತಪ್ಪಿತೋ, ಅದು ಮರದ ಯಜಮಾನರದು.

ನನಗಿದ್ದದ್ದು ಒಂದೇ ಪೆಟ್ಟಿಗೆ. ಎರಡಾಗಲಿ ಎಂದು ಖಾಲಿ ಪೆಟ್ಟಿಗೆಯೊಂದನ್ನು ಜಗಲಿಯಲ್ಲಿ ಒರೆಸಿಟ್ಟು ಕಾಯುತ್ತಿದ್ದೆ. ಕಾಫಿ ಹೂ ಬಿಟ್ಟ ವಾರ, ಮಗ ಸೊಸೆ ವಸ್ತಾರೆಗೆ ಮದುವೆಗೆ ಹೋದ ದಿನವೇ, ಮಧ್ಯಾಹ್ನ ಜೇನು ಎದ್ದಿತು. ಮಣ್ಣು ಎರಚುತ್ತ ಓಡಿದೆ. ಅದು ಹೋಗಿ ಕೂತದ್ದು ಮೇಲಿನ ತೋಟದ ಗೌಡರ ಹಲಸಿನ ಕೊಂಬೆಯಲ್ಲಿ.

ಗೌಡರು ನನಗಿಂತ ಹಿರಿಯರು. ಎರಡು ವರ್ಷದಿಂದ ನಮಗೆ ಮಾತಿರಲಿಲ್ಲ. ಅವರ ದನ ನನ್ನ ಸೊಪ್ಪಿನ ಮಡಿ ಮೇಯ್ದಿತ್ತು, ನಾನು ಬೈದೆ, ಅವರು ನಡುವಿನ ದಾರಿಗೆ ಗೇಟು ಹಾಕಿ ಬೀಗ ಜಡಿದರು. ಇನ್ನು ದನವೂ ಹೋಗಲ್ಲ, ಬೈಗುಳವೂ ಬರಲ್ಲ ಎಂದರಂತೆ. ಆ ದಿನ ನಾನು ತಂತಿಯಡಿ ನುಸುಳಿ ಸೆರಗು ಹರಿದುಕೊಂಡೆ.

ಸ್ವಲ್ಪ ಹೊತ್ತಿಗೆ ಗೌಡರು ಬಂದರು. ಜೇಬಿನ ಮೊಬೈಲಿನಲ್ಲಿ ಕ್ರಿಕೆಟ್ ಕೂಗುತ್ತಿತ್ತು. ನಾನು ಮರವನ್ನೇ ನೋಡುತ್ತ ನಿಂತೆ.

"ನಮ್ ತೋಟಕ್ಕೆ ಬಂದು ನಮ್ ಮುಖ ನೋಡಲ್ಲ ಅಂದ್ರೆ ಹೆಂಗೆ?"

"ನಿಮ್ ಮುಖ ಎಲ್ಲೂ ಹಾರಿಹೋಗಲ್ಲ ಗೌಡ್ರೇ. ಜೇನು ಹೋಗುತ್ತೆ."

ಅವರು ಮೇಲೆ ನೋಡಿದರು, ಅರ್ಥವಾಯಿತು. ನಾನು ಯಾವಾಗ ಕಣ್ಣು ತೆಗೆಯುತ್ತೇನೆ ಎಂದು ಪಕ್ಕದ ಕಲ್ಲಿನ ಮೇಲೆ ಕೂತು ಕಾದರು. ಕಾಲ ಹತ್ತಿರ ಹಾವು ಹೋಯಿತು ಎಂದರು. ಹೋಗಲಿ ಎಂದೆ. ಮೊಬೈಲಿನವನು ಚೇಸು, ಚೇಸು ಎಂದು ಬಡಿದುಕೊಳ್ಳುತ್ತಿದ್ದ. ಯಾರು ಯಾರನ್ನು ಅಟ್ಟುತ್ತಿದ್ದಾರೆ ಎಂದು ಕೇಳಿದೆ. ಮೊದಲು ಆಡಿದವರ ರನ್ನನ್ನು ಆಮೇಲಿನವರು ಅಟ್ಟುವುದಂತೆ. ಆಡಿ ಮುಗಿಸಿ ಕೂತವರನ್ನು ಅಟ್ಟುವುದು ಎಂಥ ಕರ್ಮ ಎಂದೆ. ನಿನ್ನ ಜೇನೂ ಕೂತೇ ಇದೆಯಲ್ಲ ಎಂದರು. ನಗು ಬಂತು, ಕಣ್ಣು ತೆಗೆಯಲಿಲ್ಲ.

ಮುಖ ನೋಡದೆ ಮಾತಾಡುವುದು ಸಲೀಸು. ಸೊಪ್ಪು, ದನ, ಬೀಗ, ಎಲ್ಲ ಮಾತಾಡಿ ಮುಗಿಸಿದೆವು. ಬಿಸಿಲು ಇಳಿಯಿತು. ಖಾಲಿ ಪೆಟ್ಟಿಗೆ ನನ್ನ ಜಗಲಿಯಲ್ಲಿ. ತರಲು ಹೋದರೆ ಜೇನು ಅವರದು.

"ಗೌಡ್ರೇ, ನನ್ ಪೆಟ್ಟಿಗೆ ತಂದ್ಕೊಡಿ."

"ತಂದ್ರೆ ನಂಗೇನು?"

"ಮೊದ್ಲನೇ ಬಾಟ್ಲಿ ತುಪ್ಪ ನಿಮಗೆ."

"ಅಷ್ಟು ದೂರ ಸುತ್ತಿ ಹೋಗಕ್ಕೆ ಮಂಡಿ ಕೇಳಲ್ಲ ಮಾರಾಯ್ತಿ."

"ಸುತ್ತಿ ಹೋಗಿ ಅಂದೋರ್ಯಾರು? ಬೀಗದ ಕೈ ನಿಮ್ಮತ್ರನೇ ಇರೋದು."

ಗೌಡರು ಕಲ್ಲಿನಿಂದ ಎದ್ದ ಸದ್ದಾಯಿತು. ಆಮೇಲೆ ಬೆನ್ನ ಹಿಂದೆ ಗೇಟು ಕಿರುಗುಟ್ಟಿತು.

ಕತ್ತಲಾಗುವ ಮೊದಲು ಏಣಿ ಹಿಡಿದವರೂ ಅವರೇ. ಜೇನನ್ನು ಪೆಟ್ಟಿಗೆಗೆ ಇಳಿಸಿ ಮುಚ್ಚಿದ ಮೇಲೆ ಅವರ ಮುಖ ನೋಡಿದೆ. ಹುಳ ಕಚ್ಚಿ ಒಂದು ಕಣ್ಣು ಊದಿತ್ತು. ಎರಡು ವರ್ಷದಲ್ಲಿ ಮುದುಕರಾಗಿದ್ದರು. ನನ್ನನ್ನು ನೋಡಿ ಅವರಿಗೂ ಹಾಗೇ ಅನ್ನಿಸಿರಬೇಕು.

ಮರುದಿನ ಬೆಳಿಗ್ಗೆ ಗೇಟು ತೆರೆದೇ ಇತ್ತು. ಅವರ ದನ ನನ್ನ ಸೊಪ್ಪಿನ ಮಡಿಯಲ್ಲಿ ನಿಂತಿತ್ತು. ಕೋಲು ಹಿಡಿದು, ದಾರಿಯುದ್ದಕ್ಕೂ ಬೈಯುತ್ತ, ಅದನ್ನು ಗೌಡರ ಅಂಗಳದ ತನಕ ಅಟ್ಟಿಕೊಂಡು ಹೋದೆ. ಕಾಫಿ ಕೊಟ್ಟರು. ಕುಡಿದು ಬಂದೆ.