ಮೊದಲು ಕೆರೆ, ಆಮೇಲೆ ಕಾರ್ಡು

ಹೆಬ್ಬಾಳ ಕೆರೆಗೆ ಮುಖಮಾಡಿದ ಸಭಾಂಗಣದಲ್ಲಿ ನಮ್ಮ ಭಾರತ-ಜಪಾನ್ ವ್ಯಾಪಾರಿಗಳ ಸಂಘ ಸೇರುತ್ತಿತ್ತು. ಹೊಸಬರನ್ನು ಸ್ವಾಗತಿಸುತ್ತಿದ್ದ ಹಿರಿಯರೊಬ್ಬರು ಯಾರಿಗೂ ತಕ್ಷಣ ವಿಸಿಟಿಂಗ್ ಕಾರ್ಡು ತೆಗೆಯಲು ಬಿಡುತ್ತಿರಲಿಲ್ಲ. "ಮೊದ್ಲು ಕೆರೆ ನೋಡಿ, ಕಾರ್ಡ್ ಎಲ್ಲೂ ಓಡೋಗಲ್ಲ" ಎನ್ನುತ್ತ ಮೊಣಕೈ ಹಿಡಿದು ಕಿಟಕಿಯ ಬಳಿ ಕರೆದೊಯ್ಯುತ್ತಿದ್ದರು.

ನಾನು ಸೇರಿದ ದಿನವೇ ಜಪಾನಿನವರೊಬ್ಬರೂ ಸೇರಿದರು. ಕನ್ನಡಿಯ ಮುಂದೆ ಕಲಿತುಕೊಂಡಂತೆ ನಾನು ಜಪಾನಿನ ರೀತಿಯಲ್ಲಿ ಸೊಂಟ ಬಗ್ಗಿಸಿ ವಂದಿಸಿದೆ. ತಲೆಯೆತ್ತಿದರೆ ಅವರು ಕೈಮುಗಿದು ನಿಂತಿದ್ದರು. ಇಬ್ಬರೂ ಪೆಚ್ಚಾದೆವು. ಹಿರಿಯರು ನಗಲಿಲ್ಲ. ನಮ್ಮಿಬ್ಬರನ್ನೂ ಕಿಟಕಿಯ ಮುಂದೆ ನಿಲ್ಲಿಸಿದರು. ಸಂಜೆಯ ಮಸುಕು ಬೆಳಕಿನಲ್ಲಿ ಹೆಜ್ಜಾರ್ಲೆ ಹಕ್ಕಿಗಳು ನಿದ್ದೆಯಲ್ಲಿದ್ದಂತೆ ತೇಲುತ್ತಿದ್ದವು. ಪಕ್ಕದ ಫ್ಲೈಓವರಿನ ಸದ್ದೂ ಮರೆತುಹೋಯಿತು.

ಈಗ ಆ ಹಿರಿಯರಿಲ್ಲ. ಜಪಾನಿನವರೂ ತಮ್ಮ ಊರಿಗೆ ಮರಳಿದ್ದಾರೆ. ಫೋನ್ ಮಾಡಿದಾಗ ಆರ್ಡರಿನ ಮಾತಿಗೆ ಮೊದಲು ಹಕ್ಕಿಗಳು ಬಂದಿವೆಯೇ ಎಂದು ಕೇಳುತ್ತಾರೆ. ನಾನು ಕೆರೆಗೆ ಹೋಗಿ ನೋಡಿಯೇ ಹೇಳುತ್ತೇನೆ.